ನೀರು ನಿಲ್ಲದ ಟೋಪಿ

ಎಲ್ ಆಲ್ತೊ
3 ಮಾರ್ಚ್ 2013

ಮಗಳೇ ದೆಲ್ಫಿನಾ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನಿನ್ನ ಹುಬ್ಬು ಗಂಟಿಕ್ಕಿರುತ್ತದೆ. ಹರಿಯುವುದಿದ್ದರೆ ಓದಿದ ಮೇಲೆ ಹರಿ. ನಾಲ್ಕು ವರ್ಷದಿಂದ ನಾನು ಫೋನು ಮಾಡಿದಾಗಲೆಲ್ಲ ನೀನು ಎತ್ತಲಿಲ್ಲ. ಒಂದೇ ಒಂದು ಸಲ ಎತ್ತಿದವಳು ನನ್ನ ಉಸಿರು ಕೇಳಿ ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಅರ್ಧದಲ್ಲಿ ಇಡಲು ಬರುವುದಿಲ್ಲ, ಶುರು ಮಾಡಿದರೆ ಕಣ್ಣು ತಾನಾಗಿ ಕೆಳಗಿಳಿಯುತ್ತದೆ. ನಿನ್ನ ವಿಳಾಸ ಕೊಟ್ಟವಳು ನಿನ್ನ ಅತ್ತೆ, ಸಿಲ್ವಾನೊನ ತಾಯಿ. "ಕೊಡ್ತೀನಿ, ಆದ್ರೆ ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡ" ಅಂದಳು. ಹೇಳಿಬಿಟ್ಟೆ ನೋಡು.

ನಾನು ದ್ವೀಪ ಬಿಟ್ಟು ಬಂದಿದ್ದೇನೆ. ನಿನ್ನಮ್ಮ ಪೌಲಾ ಸತ್ತಾಗ ಬಿಡಲಿಲ್ಲ, ನೀನು ಹೋದಾಗಲೂ ಬಿಡಲಿಲ್ಲ. ಹೋದ ವರ್ಷ ಒಂದು ಸಂಜೆ ಒಲೆಯ ಮೇಲೆ ಆಲೂಗಡ್ಡೆ ಇಟ್ಟು, "ಎಷ್ಟು ಹಾಕ್ಲಿ?" ಎಂದು ಕೇಳಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಉತ್ತರಕ್ಕೆ ಕಾಯುತ್ತ ಸ್ವಲ್ಪ ಹೊತ್ತು ನಿಂತೂ ಇದ್ದೆ. ಮಾರನೇ ವಾರ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಸರೋವರ ದಾಟಿದೆ.

ಇಲ್ಲಿಯೂ ಹೆಣೆಯುವ ಕೆಲಸವೇ. ಉಣ್ಣೆಯಲ್ಲ, ತಂತಿ. ಹೃದಯದಲ್ಲಿ ತೂತು ಇಟ್ಟುಕೊಂಡೇ ಹುಟ್ಟುವ ಮಕ್ಕಳಿದ್ದಾರಲ್ಲ, ಈ ಎತ್ತರದಲ್ಲಿ ಅಂಥವರು ಹೆಚ್ಚಂತೆ. ಆ ತೂತಿಗೆ ಕೂರಿಸಲು ಹೆಬ್ಬೆರಳ ಉಗುರಿನಷ್ಟು ದೊಡ್ಡದೊಂದು ಬಲೆಯನ್ನು ಕೈಯಲ್ಲೇ ಹೆಣೆಯಬೇಕು. ಆಕಾರ ಟೋಪಿಯ ಹಾಗಿರುವುದರಿಂದ ಎಲ್ಲರೂ ಅದನ್ನು ಟೋಪಿ ಎಂದೇ ಕರೆಯುತ್ತಾರೆ. ಕೋಣೆಯ ತುಂಬ ಹೆಂಗಸರು, ಗಂಡಸು ನಾನೊಬ್ಬನೇ. ಮೊದಲ ದಿನ ಬಿಳಿ ಕೋಟು ಹಾಕಿ ಕೂದಲಿಗೆ ಬಲೆ ಕಟ್ಟಿಕೊಂಡು ಒಳಗೆ ಹೋದಾಗ ಮೇಲ್ವಿಚಾರಕಿ ಇಲಾರಿಯಾ, "ಅಯ್ಯೋ, ಯಾರೇ ಈ ಹೊಸ ಹುಡುಗಿ? ಮೀಸೆ ಬಿಟ್ಟವ್ಳೆ!" ಎಂದಳು. ನಮ್ಮಲ್ಲಿ ಹೆಣೆಯುವುದು ಗಂಡಸರ ಕೆಲಸ ಎಂದರೆ ನಂಬುವುದೇ ಇಲ್ಲ ಇವರು.

ಇದರ ಜೊತೆ ಒಂದು ಚೂರು ತಂತಿ ಇಟ್ಟಿದ್ದೇನೆ. ಕದ್ದದ್ದಲ್ಲ, ಬಿಸಾಡುವ ತುಂಡು. ತಣ್ಣೀರಿನಲ್ಲಿ ಅದ್ದಿ ನಿನಗೆ ಹೇಗೆ ಬೇಕೋ ಹಾಗೆ ಬಗ್ಗಿಸು. ಆಮೇಲೆ ಬಿಸಿನೀರಿಗೆ ಹಾಕು. ಏನಾಗುತ್ತದೆಂದು ನಾನು ಹೇಳುವುದಿಲ್ಲ. ನೀನೇ ನೋಡಿ ಬರೆ.

ನಿನ್ನನ್ನು ಒಂದು ಸಲ ಕಣ್ಣಿಂದ ನೋಡಬೇಕು. ಅದಕ್ಕೇ ಇಷ್ಟೆಲ್ಲ ಬರೆದದ್ದು.

ನಿನ್ನ ಅಪ್ಪ,
ಸೆಲೆದೋನಿಯೊ

*

ಈಲೊ ಬಂದರು
30 ಮಾರ್ಚ್

ಅಪ್ಪನವರಿಗೆ,

ಕಾಗದ ತಲುಪಿತು. ಹರಿದಿಲ್ಲ. ತಂತಿಯನ್ನು ಬಿಸಿನೀರಿಗೂ ಹಾಕಿಲ್ಲ.

ನೀವು ಮರೆತಿರಬಹುದು, ನಾನು ಮರೆತಿಲ್ಲ. ನಮ್ಮ ಅಂಗಳದಲ್ಲಿ ಎರಡೂ ಮನೆಯವರು ಕೂತಿದ್ದರು. ಹೆಣ್ಣು ಕೇಳಲು ಬಂದ ಸಿಲ್ವಾನೊ, ನಮ್ಮ ಪದ್ಧತಿಯಂತೆ ತಾನು ಮೂರು ತಿಂಗಳು ಕೂತು ಹೆಣೆದ ಟೋಪಿಯನ್ನು ಪರೀಕ್ಷೆಗೆಂದು ನಿಮ್ಮ ಕೈಗೆ ಕೊಟ್ಟ. ದೋಣಿಯ ಮೋಟಾರು ಬಿಚ್ಚಿ ಕೂಡಿಸುವ ಕೈ ಅವನದು, ಸೂಜಿ ಹಿಡಿಯುವ ಕೈಯಲ್ಲ. ಅದು ಗೊತ್ತಿದ್ದೂ ನೀವು ಚೆಂಬಿನ ತುಂಬ ನೀರು ಹೊಯ್ದಿರಿ. ಸೋರಿತು. ಅವನ ತಾಯಿಯ ಮಡಿಲು ಒದ್ದೆಯಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. "ನೀರನ್ನೇ ಹಿಡಿಯದವನು ಹೆಣ್ಣನ್ನು ಹಿಡಿದಾನೇ?" ಎಂದಿರಿ. ಕೂತವರೆಲ್ಲ ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ.

ಆ ಮಾತನ್ನು ವಾಪಸ್ ತೆಗೆದುಕೊಳ್ಳಿ. ಅಲ್ಲಿಯವರೆಗೆ ನನ್ನನ್ನು ನೋಡುವ ಮಾತು ಬೇಡ. ಸಿಲ್ವಾನೊ ಈಗ ದೋಣಿಯಲ್ಲಿದ್ದಾನೆ, ಬರುವುದು ತಡವಾಗುತ್ತದೆ.

ದೆಲ್ಫಿನಾ

*

ಎಲ್ ಆಲ್ತೊ
21 ಏಪ್ರಿಲ್

ದೆಲ್ಫಿನಾ,

"ನೀವು" ಎಂದು ಬರೆದಿದ್ದೀಯ. ನಾನೇನು ಪುರಸಭೆಯ ಅಧ್ಯಕ್ಷನೇ? ಇರಲಿ. ಬೈಗುಳಕ್ಕೂ ಒಂದು ಕಾಗದ ಖರ್ಚು ಮಾಡಿದೆಯಲ್ಲ, ಅಷ್ಟರಮಟ್ಟಿಗೆ ನನ್ನ ಹೊಟ್ಟೆ ತಣ್ಣಗಾಯಿತು. ಬಾಗಿಲ ಸಂದಿಯಲ್ಲಿ ಲಕೋಟೆ ಕಂಡು, ಅಂಗಿಗೆ ಕೈ ಒರೆಸಿಕೊಂಡು ಎತ್ತಿಕೊಂಡೆ.

ಆದರೆ ಟೋಪಿ ಸೋರಿದ್ದು ಸೋರಿದ್ದೇ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ನನ್ನ ಮಾವ ನನ್ನ ಟೋಪಿಗೆ ನೀರು ಹೊಯ್ದು ರಾತ್ರಿಯಿಡೀ ಗೂಟಕ್ಕೆ ನೇತುಹಾಕಿದ್ದ, ಬೆಳಿಗ್ಗೆ ಅದೇ ನೀರಲ್ಲಿ ಮುಖ ತೊಳೆದ. ಬಿಗಿ ಎಂದರೆ ಅದು.

ಹಾಗೆಂದು ನನ್ನ ಜಂಬವೆಲ್ಲ ಇಲ್ಲಿ ಮಣ್ಣುಪಾಲಾಗಿದೆ, ಅದನ್ನೂ ಕೇಳಿ ಸ್ವಲ್ಪ ಖುಷಿಪಡು. ಶುರುವಿನಲ್ಲಿ ನಾನು ತಂತಿಯನ್ನೂ ನಮ್ಮ ದ್ವೀಪದ ಹಾಗೇ ಬಿಗಿಯಾಗಿ ಹೆಣೆದೆ. ನೋಡಿದವರು ಕಣ್ಣರಳಿಸಬೇಕು, ಹಾಗೆ. ಇಲಾರಿಯಾ ಅದನ್ನು ಮಂಜುನೀರಿಗೆ ಹಾಕಿ, ಜ್ಯೂಸ್ ಕುಡಿಯುವ ಕೊಳವೆಗಿಂತ ಸಪೂರವಾದ ಒಂದು ನಳಿಗೆಯೊಳಗೆ ಎಳೆಯಲು ನೋಡಿದಳು. ಹೋಗಲಿಲ್ಲ. ಎಳೆದಳು, ತಿರುಚಿದಳು, ಬೈದಳು.

"ಯಜಮಾನ್ರೇ, ಯಾರ ಮೇಲಿನ ಸಿಟ್ಟಿಗೆ ಇಷ್ಟು ಬಿಗಿದಿದ್ದೀರಿ?"

"ಬಿಗಿ ಇಲ್ದಿದ್ರೆ ಅದು ಹೆಣಿಗೇನಾ?" ಎಂದೆ ನಾನು.

"ಇದು ನಿಮ್ಮ ಅಳಿಯನ್ನ ಪರೀಕ್ಷೆ ಮಾಡೋ ಟೋಪಿ ಅಲ್ಲ ಕಣ್ರೀ. ತೊಡೆಯ ರಕ್ತನಾಳದಿಂದ ಹೊರಟು ಮಗುವಿನ ಎದೆವರೆಗೂ ಹೋಗ್ಬೇಕು. ಬಗ್ಗೋಕೆ ಜಾಗ ಇಲ್ದಿದ್ರೆ ಅಲ್ಲಿಗೆ ಹೋಗೋದು ಹೆಂಗೆ?"

ಅಳಿಯನ ಸುದ್ದಿ ಅವಳಿಗೆ ಯಾರು ಹೇಳಿದರೋ. ನಾನೇ ಹೇಳಿರಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಬೇರೆ ಯಾವ ಸುದ್ದಿ ನನ್ನಲ್ಲಿದೆ ಹೇಳು.

ನನ್ನ ಟೋಪಿಗಳನ್ನೆಲ್ಲ ಬಿಚ್ಚಿ ಕಸಕ್ಕೆ ಹಾಕಿದರು. ಆಮೇಲೆ ಇಲಾರಿಯಾ ತಾನು ಹೆಣೆದದ್ದನ್ನು ಮಂಜುನೀರಿನಲ್ಲಿ ಹಿಂಡಿ ನಳಿಗೆಗೆ ತುರುಕಿ, ಇನ್ನೊಂದು ತುದಿಯಲ್ಲಿ ಮೈ ಬಿಸಿಯಷ್ಟೇ ಇದ್ದ ನೀರಿಗೆ ಬಿಟ್ಟಳು. ಬರೀ ದಾರದಂತೆ ಹೊರಬಂದದ್ದು ನನ್ನ ಕಣ್ಣೆದುರೇ ಮೈಮುರಿದು ಎದ್ದು, ಟೋಪಿಯಾಗಿ ಕೂತಿತು. ಒಂದು ಮಡಿಕೆಯ ಗುರುತೂ ಇಲ್ಲ.

ಮಾಮೂಲಿ ತಂತಿ ಯಾಕೆ ಹೀಗೆ ಮಾಡುವುದಿಲ್ಲ ಎಂದು ಇಲ್ಲಿಯ ಇಂಜಿನಿಯರ್ ಹುಡುಗಿಯನ್ನು ಕೇಳಿದೆ. ನಿಕ್ಕಲ್ಲು ಟೈಟೇನಿಯಮ್ಮು ಸೇರಿಸಿ ಮಾಡಿದ ತಂತಿಯಂತೆ ಇದು. ಒಳಗೆ ಕಣ್ಣಿಗೆ ಕಾಣದ ಕಣಗಳು ಸಾಲುಸಾಲಾಗಿ ನಿಂತಿವೆ. ಹಬ್ಬದಲ್ಲಿ ನಾವು ಕೈ ಕೈ ಹಿಡಿದು ಕುಣಿಯುವಾಗ ಇಡೀ ಸಾಲು ಒಂದೇ ಕಡೆಗೆ ವಾಲುತ್ತದಲ್ಲ, ತಣ್ಣಗಿದ್ದಾಗ ಬಗ್ಗಿಸಿದರೆ ಇವೂ ಹಾಗೆ ವಾಲುತ್ತವೆ, ಆದರೆ ಪಕ್ಕದವರ ಕೈ ಬಿಡುವುದಿಲ್ಲ. ಬಿಸಿ ತಾಗಿದ ಕೂಡಲೇ ನೆಟ್ಟಗೆ ನಿಲ್ಲುತ್ತವೆ. ಮಾಮೂಲಿ ತಂತಿಯಲ್ಲಿ ಕೈ ತಪ್ಪಿಹೋಗುತ್ತದೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಯಾರ ಕೈ ಯಾರು ಹಿಡಿದಿದ್ದರೆಂದು ಗೊತ್ತಾಗುವುದಿಲ್ಲ. ಈ ತಂತಿಗೂ ಮಿತಿಯಿದೆ, ಮಿತಿಮೀರಿ ಬಗ್ಗಿಸಿದರೆ ಇದೂ ವಾಪಸ್ ಬರುವುದಿಲ್ಲ ಎಂದಳು. ಹುಡುಗಿ ಇನ್ನೂ ಏನೇನೋ ಹೇಳಿದಳು. ಅಷ್ಟೇ ನನ್ನ ತಲೆಗೆ ಹೋದದ್ದು.

ತಂತಿಯನ್ನು ಬಿಸಿನೀರಿಗೆ ಹಾಕು. ಹಟ ನನ್ನ ಮೇಲೆ ಮಾಡು, ಅದರ ಮೇಲೆ ಯಾಕೆ?

ಅಪ್ಪ

*

ಈಲೊ
9 ಜೂನ್

ಅಪ್ಪನವರಿಗೆ,

ಹಾಕಿದೆ. ಚಹಾ ಕಾಯಿಸಿದ ನೀರು ಮಿಕ್ಕಿತ್ತು. ಬೆರಳಿಗೆ ಸುತ್ತಿ ಉಂಡೆ ಮಾಡಿದ್ದನ್ನು ಲೋಟದೊಳಗೆ ಬಿಟ್ಟೆ. ಹುಳುವಿನ ಹಾಗೆ ಹೊರಳಿ, ಸುರುಳಿ ಸುರುಳಿಯಾಗಿ ನಿಂತಿತು. ಮರೀನಾ ಕೇಕೆ ಹಾಕಿ ನಕ್ಕಳು. ಆಮೇಲೆ ಇಡೀ ಸಂಜೆ ನನಗೆ ಅದೇ ಕೆಲಸವಾಯಿತು, ತಣ್ಣೀರಲ್ಲಿ ಬಗ್ಗಿಸು, ಬಿಸಿನೀರಿಗೆ ಹಾಕು, ಮತ್ತೆ ಬಗ್ಗಿಸು.

ನಿಮಗೆ ಸುಳ್ಳು ಹೇಳಲು ಬರುವುದಿಲ್ಲ, ಸರಿ. ನನಗೂ ಮರೆಯಲು ಬರುವುದಿಲ್ಲ. ನನ್ನ ಷರತ್ತು ಅದೇ.

ದೆಲ್ಫಿನಾ

*

ಎಲ್ ಆಲ್ತೊ
24 ಜೂನ್, ಸಂತ ಯೋಹಾನನ ಹಬ್ಬ

ದೆಲ್ಫಿನಾ,

ಮರೀನಾ ಯಾರು?

ಕಾಗದವನ್ನು ಮತ್ತೆ ಮತ್ತೆ ಓದಿದೆ. ಪಕ್ಕದ ಮನೆಯ ಮಗುವಿಗೆ ಇಡೀ ಸಂಜೆ ಯಾರೂ ತಂತಿ ಬಗ್ಗಿಸಿ ತೋರಿಸುವುದಿಲ್ಲ. ಕೇಕೆ ಹಾಕುವ ಮಗುವೆಂದರೆ ಎರಡು ವರ್ಷ ಇರಬಹುದೇ? ಮಾತು ಬಂತೇ? ಮರೀನಾ ಅಂತೆ! ನಮ್ಮ ದ್ವೀಪದಲ್ಲಿ ಏಳು ತಲೆಮಾರಿನಲ್ಲಿ ಯಾರಾದರೂ ಸಮುದ್ರದ ಹೆಸರು ಇಟ್ಟುಕೊಂಡಿದ್ದಾರೆಯೇ? ಕೆಲಸದ ಕೋಣೆಯಲ್ಲಿ ಆ ಹೆಸರನ್ನು ಜೋರಾಗಿ ಹೇಳಿ ನೋಡಿದೆ. ಕೇಳಲು ಚೆನ್ನಾಗಿಯೇ ಇದೆ. ಇಲಾರಿಯಾ ತಲೆ ಎತ್ತದೆ, "ತಾತ ಆದ್ರಿ ಅನ್ನಿ. ಸಿಹಿ ಎಲ್ಲಿ?" ಎಂದಳು. ಎಲ್ಲರಿಗೂ ಬಿಸಿ ಜೋಳದ ಪಾನಕ ಕುಡಿಸಿದೆ. ಮೊಮ್ಮಗಳ ಮುಖ ಹೇಗಿದೆ ಎಂದು ಒಬ್ಬಳು ಕೇಳಿದಾಗ, ನಿನ್ನ ಹಾಗೇ ಎಂದು ಹೇಳಿಬಿಟ್ಟೆ. ಸುಳ್ಳು ಹೇಳಲು ಬರುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಮಾತು ಇಷ್ಟು ಬೇಗ ಹೋಯಿತು.

ಇವತ್ತು ವರ್ಷದಲ್ಲೆಲ್ಲ ಹೆಚ್ಚು ಚಳಿಯ ದಿನ. ಬೀದಿಬೀದಿಯಲ್ಲಿ ಹಳೆಯ ಕುರ್ಚಿ, ಪೆಟ್ಟಿಗೆ ರಾಶಿ ಹಾಕಿ ಸಂಜೆಯ ಬೆಂಕಿಗೆ ಸಿದ್ಧ ಮಾಡುತ್ತಿದ್ದಾರೆ. ಬೆಂಕಿ ಎಂದಾಗ ನೆನಪಾಯಿತು. ಹೋದ ವಾರ ನನ್ನನ್ನು ಕುಲುಮೆಯ ಕೋಣೆಗೆ ಕಳಿಸಿದ್ದರು. ತಂತಿಗೆ ಟೋಪಿಯ ಆಕಾರ ತಾನಾಗಿ ಬರುವುದಿಲ್ಲ ಕಣಮ್ಮ. ಹೆಣೆದದ್ದನ್ನು ಲೋಹದ ಅಚ್ಚಿಗೆ ಬಿಗಿದು, ಅಲುಗಾಡದ ಹಾಗೆ ಕಟ್ಟಿ, ರೊಟ್ಟಿಯ ಗೂಡಿಗಿಂತಲೂ ಹೆಚ್ಚು ಉರಿಯುವ ಕುಲುಮೆಯಲ್ಲಿಡುತ್ತಾರೆ. ತೆಗೆದ ಕೂಡಲೇ ತಣ್ಣೀರಿಗೆ ಅದ್ದುತ್ತಾರೆ. ಬೆಂಕಿಯಲ್ಲಿದ್ದಾಗ ಯಾವ ಆಕಾರದಲ್ಲಿ ಹಿಡಿದಿದ್ದರೋ ಅದನ್ನೇ ತನ್ನದೆಂದು ನಂಬಿಕೊಂಡು ಬದುಕುತ್ತದೆ. ಎಲ್ಲಿಗೆ ಒಯ್ದರೂ, ಎಷ್ಟು ಹಿಂಡಿದರೂ, ಬಿಸಿ ತಾಗಿದರೆ ಅದೇ ಆಕಾರ.

ನಿನ್ನಮ್ಮ ಹೋದಾಗ ನಿನಗೆ ಒಂಬತ್ತು. ಆಗ ನಿನ್ನನ್ನು ಹಿಡಿದುಕೊಂಡಿದ್ದವನು ನಾನೊಬ್ಬನೇ. ಬಿಗಿಯಾಗಿಯೇ ಹಿಡಿದಿದ್ದೆ. ನಿನ್ನ ಹಟ ಯಾರದೆಂದು ಊರೆಲ್ಲ ಕೇಳುತ್ತಿದ್ದರು. ಇನ್ಯಾರದು?

ಮಗುವಿನ ಒಂದು ಫೋಟೊ ಕಳಿಸು. ಮಾತಿನ ಲೆಕ್ಕ ಆಮೇಲೆ ನೋಡೋಣ.

ಅಪ್ಪ

*

ಎಲ್ ಆಲ್ತೊ
18 ಆಗಸ್ಟ್

ದೆಲ್ಫಿ,

ಫೋಟೊ ಬರಲಿಲ್ಲ, ಕಾಗದವೂ ಬರಲಿಲ್ಲ. ಗಾಳಿಯ ತಿಂಗಳು, ಟಪಾಲು ತರುವ ಬಸ್ಸು ತಡವಾಗಿರಬಹುದು ಎಂದುಕೊಂಡೆ. ಬಸ್ಸಿನವನನ್ನು ಕೇಳಿದೆ. ಬಸ್ಸು ಒಂದು ದಿನವೂ ತಪ್ಪಿಲ್ಲವಂತೆ.

ನನ್ನ ಕೋಣೆಯ ತಗಡು ಗಾಳಿಗೆ ಬಡಿದುಕೊಳ್ಳುತ್ತದೆ. ಭಾನುವಾರ ಕೆಲಸವಿಲ್ಲ, ಅದೇ ಕಷ್ಟ. ಸಂತೆಗೆ ಹೋಗಿ ಉಣ್ಣೆ ತಂದೆ. ಮಗುವಿಗೊಂದು ಟೋಪಿ ಹೆಣೆಯೋಣವೆಂದು ಕೂತರೆ ತಲೆಯ ಅಳತೆ ಗೊತ್ತಿಲ್ಲ. ಸಂತೆಯಲ್ಲಿ ಒಬ್ಬಳು ಎರಡು ವರ್ಷದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ಅದರ ತಲೆಗೆ ನೂಲು ಸುತ್ತಿ ಅಳೆಯಲೇ ಎಂದು ಕೇಳಿದೆ. ಹುಚ್ಚನೆಂದು ತಿಳಿದು ಆಚೆ ಹೋದಳು.

ಒಂದು ಸಾಲು ಬರೆ. ಬೈದೇ ಬರೆ.

ಅಪ್ಪ

*

ಎಲ್ ಆಲ್ತೊ
22 ಸೆಪ್ಟೆಂಬರ್

ಮಗಳೇ,

ನೀನು ಬರೆಯದಿದ್ದರೂ ಇದನ್ನು ಬರೆಯಲೇಬೇಕು.

ವರ್ಷಕ್ಕೊಂದು ಸಲ ಹೆಣೆಯುವವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ತಮ್ಮ ಕೈಕೆಲಸ ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ನೋಡಲಿ ಎಂದು. ಈ ಸಲ ನನ್ನ ಸರದಿ. ಕಣಿವೆಯ ಕಡೆಯ ಒಂದು ಹೆಣ್ಣುಮಗು ಮಲಗಿತ್ತು, ತುಟಿ ನೀಲಿ. ಅದರ ತಾಯಿ ಹೊರಗೆ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. ನಾವು ಗಾಜಿನ ಈಚೆ. ಡಾಕ್ಟರ್ ಲೆದೆಸ್ಮಾ ತೊಡೆಯಿಂದ ನಳಿಗೆ ಏರಿಸಿದರು. ಪರದೆಯ ಮೇಲೆ ಒಂದು ಗೆರೆ ಮೇಲೆ ಮೇಲೆ ಹೋಯಿತು. ಗುಬ್ಬಿಯ ಹಾಗೆ ಬಡಿದುಕೊಳ್ಳುವ ಎದೆಯೊಳಗೆ ಆ ಗೆರೆಯ ತುದಿ ಮೆಲ್ಲಗೆ ಅರಳಿ ಟೋಪಿಯಾಯಿತು. ಅದರ ಅಂಚಿನ ಹೆಣಿಗೆ ನನ್ನದು, ಗುರುತು ಸಿಕ್ಕಿತು.

ಆಮೇಲೆ ಡಾಕ್ಟರು ಪರದೆಯಲ್ಲಿ ಕಪ್ಪಾಗಿ ಕಾಣುವ ಮದ್ದು ಬಿಟ್ಟು ನೋಡಿದರು. ಮದ್ದು ಟೋಪಿಯ ಒಳಗಿಂದ ಸಣ್ಣಗೆ ಆಚೆಗೆ ಹೊಗೆಯಾಡಿತು. ನಾನು ತಡೆಯಲಾರದೆ ಗಾಜು ಬಡಿದೆ.

"ಸೋರ್ತಾ ಇದೆ! ಡಾಕ್ಟ್ರೇ, ಸೋರ್ತಾ ಇದೆ, ತೆಗೀರಿ ಅದನ್ನ!"

ಇಲಾರಿಯಾ ನನ್ನ ಕೋಟು ಹಿಡಿದೆಳೆದಳು. ಡಾಕ್ಟರು ಹೊರಗೆ ಬಂದು ಮುಖದ ಬಟ್ಟೆ ಇಳಿಸಿ ನಕ್ಕರು. "ಸೋರ್ಲಿ ಬಿಡಿ ಯಜಮಾನ್ರೇ. ಬಲೆ ಅಂದ್ಮೇಲೆ ಸೋರ್ದೆ ಇರುತ್ತಾ?"

"ಮತ್ತೆ ತೂತು ಮುಚ್ಚೋದು ಹೆಂಗೆ?"

"ನಿಮ್ಮ ತಂತಿ ಮುಚ್ಚಲ್ಲ. ಅದು ಜಾಗ ಬಿಟ್ಟು ಕದಲ್ದೆ ಕೂತಿದ್ರೆ ಸಾಕು. ಅದನ್ನೇ ಹಿಡ್ಕೊಂಡು ಮಗುವಿನ ಮಾಂಸ ಬೆಳೆಯುತ್ತೆ. ನಾಲ್ಕಾರು ತಿಂಗಳು ಬಿಟ್ಟು ಬಂದು ನೋಡಿ, ಒಂದು ಹನಿ ಆಚೆ ಹೋಗಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಅರವತ್ತು ವರ್ಷ ನಾನು ಸೋರುವುದು ಕೆಟ್ಟದ್ದು, ಬಿಗಿ ಒಳ್ಳೆಯದು ಎಂದುಕೊಂಡೇ ಬದುಕಿದೆ. ನನ್ನ ಬಿಗಿ ಹೆಣಿಗೆ ಆ ಮಗುವಿನ ತೊಡೆಯನ್ನೇ ದಾಟುತ್ತಿರಲಿಲ್ಲ.

ಸಿಲ್ವಾನೊನ ಟೋಪಿ ಸೋರಿತು. ಅದನ್ನು ಈಗಲೂ ಹೇಳುತ್ತೇನೆ, ಎಲ್ಲರೂ ಕಂಡದ್ದು. ಆದರೆ ನೀರು ಹಿಡಿಯದವನು ಹೆಣ್ಣನ್ನು ಹಿಡಿದಾನೇ ಎಂದೆನಲ್ಲ, ಅದು ಮೂರ್ಖನ ಮಾತು. ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ. ದ್ವೀಪಕ್ಕೆ ಹೋಗಿ ಅವನ ತಾಯಿಯ ಮುಂದೆಯೂ ಹೇಳುತ್ತೇನೆ. ನಿನ್ನ ಜೊತೆ ಕದಲದೆ ಇದ್ದಾನಲ್ಲ, ಇನ್ನೇನು ಬೇಕು? ಅವನು ದೋಣಿಯಿಂದ ಬಂದ ಮೇಲೆ ಈ ಕಾಗದ ಅವನಿಗೆ ಓದಿ ಹೇಳು. ಜೋರಾಗಿ ಓದು.

ಅಪ್ಪ

*

ಈಲೊ
13 ಅಕ್ಟೋಬರ್

ಅಪ್ಪಾ,

ಓದಿ ಹೇಳಲು ಅವನಿಲ್ಲ.

ಹೋಗಿ ಒಂದೂವರೆ ವರ್ಷವಾಯಿತು. ಮರೀನಾ ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ದೋಣಿಯಲ್ಲಿದ್ದಾನೆ ಎಂದು ಬರೆದದ್ದು ಸುಳ್ಳು. ದೋಣಿಯಲ್ಲೇ ಹೋದದ್ದು ನಿಜ, ದಕ್ಷಿಣಕ್ಕೆ, ಚಿಲಿಯ ಯಾವುದೋ ಬಂದರಿಗೆ. ಮೊದಲು ಫೋನು ಬರುತ್ತಿತ್ತು. ಆಮೇಲೆ ಹಬ್ಬಕ್ಕೊಂದು. ಈಗ ಆ ನಂಬರು ಇಲ್ಲ ಎನ್ನುತ್ತದೆ. ಜಗಳವಾಡಿ ಹೋಗಿದ್ದರೆ ಎಷ್ಟೋ ವಾಸಿ, ಇಂಥ ದಿನ ಹೋದ ಎಂದಾದರೂ ಹೇಳಬಹುದಿತ್ತು. ಅವನು ಹನಿ ಹನಿಯಾಗಿ ಹೋದ. ಅವನ ತಾಯಿಗೂ ಗೊತ್ತಿಲ್ಲ, ನಾನು ಹೇಳಿಲ್ಲ.

ನಾನು ಮೀನಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಮೀನು ಸೀಳುತ್ತೇನೆ. ಮರೀನಾಳನ್ನು ಕೆಳಗಿನ ಮನೆಯ ಒಲಿಂಪಿಯಾ ಅಜ್ಜಿ ನೋಡಿಕೊಳ್ಳುತ್ತಾರೆ. ಸಂಜೆ ಬಂದು ಕೈ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಮಗು ಆ ವಾಸನೆಯನ್ನೇ ಅಮ್ಮ ಎಂದು ತಿಳಿದಿದೆ.

ಆ ಮಾತನ್ನು ವಾಪಸ್ ತೆಗೆದುಕೊಳ್ಳಿ ಎಂದು ನಾನೇ ಹಟ ಹಿಡಿದೆ. ನೀವು ತೆಗೆದುಕೊಳ್ಳುವುದಿಲ್ಲ ಎಂಬ ಧೈರ್ಯದಿಂದ ಹಿಡಿದದ್ದು ಅಂತ ಈಗ ಅನ್ನಿಸುತ್ತದೆ. ನಿಮ್ಮ ಹಟ ಇರುವವರೆಗೆ ನೀವು ಬಂದು ನೋಡುವಂತಿಲ್ಲ, ನಾನು ಇಲ್ಲಿ ಗಂಡನ ಜೊತೆ ಚೆನ್ನಾಗಿದ್ದೇನೆ ಎಂದು ಒಬ್ಬರಾದರೂ ನಂಬಿರುತ್ತಾರಲ್ಲ. ನೀವು ಅದನ್ನೂ ಕಿತ್ತುಕೊಂಡಿರಿ. ಮಾತು ನಿಮ್ಮದೇ, ಇಟ್ಟುಕೊಳ್ಳಿ. ನೀರು ಹಿಡಿಯದವನು ಹೆಣ್ಣನ್ನೂ ಹಿಡಿಯಲಿಲ್ಲ. ನೀವು ಗೆದ್ದಿರಿ.

ನಿಮ್ಮ ತಂತಿಯೂ ಕೆಟ್ಟಿತು. ನಿಮ್ಮ ಕಾಗದ ಓದಿದ ದಿನ ಸಿಟ್ಟಿನಲ್ಲಿ ಇಕ್ಕಳದಲ್ಲಿ ಹಿಡಿದು ಮಡಿಸಿ ಮಡಿಸಿ ಹಾಕಿದೆ. ಆಮೇಲೆ ಬಿಸಿನೀರಿಗೆ ಬಿಟ್ಟರೆ ಅರ್ಧ ಎದ್ದಿತು, ಅರ್ಧ ಹಾಗೇ ಸೊಟ್ಟಗೆ ಉಳಿಯಿತು. ಮರೀನಾ ಇನ್ನೂ ಅದನ್ನು ಲೋಟಕ್ಕೆ ಹಾಕಿ ಕಾಯುತ್ತಾಳೆ.

ದ್ವೀಪಕ್ಕೆ ಹೋಗೋಣ ಎನ್ನಬೇಡಿ. ಆ ಅಂಗಳದಲ್ಲಿ ನಾನು ಮತ್ತೆ ಕೂರಲಾರೆ.

ದೆಲ್ಫಿನಾ

*

ಎಲ್ ಆಲ್ತೊ
2 ನವೆಂಬರ್, ಸತ್ತವರ ದಿನ

ದೆಲ್ಫಿ, ನನ್ನ ಕಂದಾ,

ಇವತ್ತು ನಿನ್ನಮ್ಮನಿಗೆ ಎಡೆಯ ಮೇಜು ಹಾಕಿದ್ದೇನೆ. ಗೊಂಬೆರೊಟ್ಟಿ, ಕಬ್ಬು, ಅವಳಿಗೆ ಇಷ್ಟವಾದ ಬೀನ್ಸ್. ಎದುರಿಗೆ ಕೂತು ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಓದುತ್ತ ಓದುತ್ತ ಅತ್ತುಬಿಟ್ಟೆ. ನಗಬೇಡ.

ನಾನು ಗೆದ್ದೆ ಎಂದಿದ್ದೀಯ. ಕೇಳು. ನನ್ನ ಟೋಪಿ ರಾತ್ರಿಯಿಡೀ ನೀರು ಹಿಡಿದಿತ್ತು, ಒಂದು ತೊಟ್ಟೂ ಬೀಳಲಿಲ್ಲ. ಅಂಥ ಟೋಪಿ ಹೆಣೆದವನು ತನ್ನ ಒಬ್ಬಳೇ ಮಗಳನ್ನು ಹಿಡಿದನೇ? ನಿನಗೆ ಹೆರಿಗೆಯಾದಾಗ ಬಾಗಿಲ ಹೊರಗೆ ಯಾರಿದ್ದರು? ಅವನು ಹೋದ ಮೇಲೆ ಅನ್ನ ಬೇಯಿಸಿಟ್ಟು ಉಣ್ಣು ಎಂದವರು ಯಾರು? ನೀರು ಹಿಡಿದವನೂ ಹಿಡಿಯಲಿಲ್ಲ, ಹಿಡಿಯದವನೂ ಹಿಡಿಯಲಿಲ್ಲ. ಆ ಪರೀಕ್ಷೆಯೇ ದಂಡ. ನಾನು ಗೆದ್ದದ್ದು ಏನೂ ಇಲ್ಲ.

ಸೊಟ್ಟ ತಂತಿಯ ಬಗ್ಗೆ ಇಂಜಿನಿಯರ್ ಹುಡುಗಿಯನ್ನು ಕೇಳಿದೆ. ಕೈ ತಪ್ಪಿದ ಕಣಗಳು ಬಿಸಿನೀರಿಗೆಲ್ಲ ಸರಿಹೋಗುವುದಿಲ್ಲವಂತೆ. ಆದರೆ ತುಂಡಾಗದಿದ್ದರೆ ಇನ್ನೊಂದು ಅಚ್ಚಿಗೆ ಬಿಗಿದು ಮತ್ತೆ ಕುಲುಮೆಗೆ ಇಡಬಹುದು. ಹಳೆಯ ಸುರುಳಿಯನ್ನು ಮರೆತು ಹೊಸದೊಂದು ಕಲಿಯುತ್ತದೆ. "ಎಷ್ಟು ವಯಸ್ಸಾದ ತಂತಿಗೂ ಆಗುತ್ತಾ?" ಎಂದೆ. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇಲಾರಿಯಾಗೆ ಆಯಿತು, ತಲೆ ತಗ್ಗಿಸಿಕೊಂಡು ಹೆಣೆಯುತ್ತ ಕೂತಳು.

ದ್ವೀಪಕ್ಕೆ ಹೋಗೋಣ ಎಂದು ನಾನು ಹೇಳುವುದಿಲ್ಲ. ನನಗೂ ಅಲ್ಲಿ ಒಲೆಯ ಮುಂದೆ ಗೋಡೆಯನ್ನು ಮಾತಾಡಿಸುವುದು ಸಾಕಾಗಿದೆ.

ಈ ಲಕೋಟೆಯಲ್ಲಿ ಒಂದು ಸಣ್ಣ ಚಪ್ಪಟೆ ಪೊಟ್ಟಣವಿದೆ. ಬಿಸಾಡುವ ತಂತಿಯಲ್ಲಿ, ಇಲಾರಿಯಾಳನ್ನು ಕೇಳಿಯೇ ನಾನು ಹೆಣೆದದ್ದು. ನಮ್ಮ ಕಡೆಯ ಟೋಪಿಯೇ, ಕಿವಿ ಮುಚ್ಚುವ ಪಟ್ಟಿ ಸಮೇತ, ಆದರೆ ಕೋಳಿಮೊಟ್ಟೆಗೆ ಹಾಕುವಷ್ಟು ಚಿಕ್ಕದು. ಅಚ್ಚಿಗೆ ಬಿಗಿದು ಬೆಂಕಿಯಲ್ಲಿಟ್ಟದ್ದೂ ನಾನೇ. ಈ ಜನ್ಮದಲ್ಲಿ ನಾನು ಇಷ್ಟು ಸಡಿಲವಾಗಿ ಏನನ್ನೂ ಹೆಣೆದಿರಲಿಲ್ಲ, ಬೆರಳುಗಳು ಕೇಳುತ್ತಲೇ ಇರಲಿಲ್ಲ. ಇಲ್ಲಿಯ ಚಳಿಯಲ್ಲಿ ಅದನ್ನು ಅಂಗೈ ಕೆಳಗೆ ಒತ್ತಿ ಚಪ್ಪಟೆ ಮಾಡಿದ್ದೇನೆ. ಬಿಸಿನೀರು ಬೇಡ, ಮರೀನಾಳ ಮುಷ್ಟಿಯಲ್ಲಿಡು, ಅಷ್ಟು ಬಿಸಿ ಸಾಕು. ತುದಿಗಳನ್ನೆಲ್ಲ ಒಳಗೆ ಮಡಿಸಿದ್ದೇನೆ, ಚುಚ್ಚುವುದಿಲ್ಲ. ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೋ.

ಆಮೇಲೆ ನಮ್ಮ ಪದ್ಧತಿಯ ಪ್ರಕಾರ ಅದಕ್ಕೆ ನೀರು ಹೊಯ್ಯಿ. ಮನೆಗೆ ಸೇರಿಸಿಕೊಳ್ಳಿ ಎಂದು ಬಂದವನ ಟೋಪಿಗೆ ನೀರು ಹೊಯ್ಯುವುದು ಆ ಮನೆಯ ಯಜಮಾನರ ಹಕ್ಕು. ಈಗ ಮನೆ ನಿನ್ನದು, ಬಾಗಿಲಲ್ಲಿ ನಿಂತವನು ನಾನು. ನಾಲ್ಕು ಜನರನ್ನು ಕೂರಿಸಿಕೋ, ನಗುವವರು ನಗಲಿ. ನೀನು ಏನು ಹೇಳಿದರೂ ನಾನು ತಲೆಬಾಗುತ್ತೇನೆ.

ನಿನ್ನ ಅಪ್ಪ,
ಸೆಲೆದೋನಿಯೊ

*

ಈಲೊ
1 ಡಿಸೆಂಬರ್

ಅಪ್ಪಾ,

ನಿನ್ನ ಟೋಪಿ ಮರೀನಾಳ ಮುಷ್ಟಿಯವರೆಗೆ ಕಾಯಲಿಲ್ಲ. ಇಲ್ಲಿ ಬೇಸಿಗೆ ಶುರುವಾಗಿದೆ. ಬಸ್ಸು ಬೆಟ್ಟ ಇಳಿದು ಸಮುದ್ರದ ಕಡೆ ಬರುತ್ತಿದ್ದಂತೆ ಒಳಗೇ ಎದ್ದು ಕೂತಿರಬೇಕು. ಲಕೋಟೆ ಉಬ್ಬಿಕೊಂಡು, ಒಂದು ಮೂಲೆ ಹರಿದು, ಕಿವಿಪಟ್ಟಿ ಹೊರಗೆ ಇಣುಕುತ್ತಿತ್ತು. "ಏನಮ್ಮ ಇದು, ಜೀವಂತ ಪ್ರಾಣಿ ಕಳಿಸಿದ್ದಾರಾ?" ಎಂದು ಬಸ್ಸಿನವನು ದೂರ ಹಿಡಿದುಕೊಂಡು ಕೊಟ್ಟ. ಮಿಕ್ಕದ್ದು ಮರೀನಾಳ ಕೈಯಲ್ಲಿ ಬಿಡಿಸಿಕೊಂಡಿತು. ಅವಳು ಮುಷ್ಟಿ ತೆಗೆದು ನೋಡಿ ನನ್ನ ಮುಖ ನೋಡಿದಳು.

ಇಲ್ಲಿ ಅಂಗಳವಿಲ್ಲ. ಮೆಟ್ಟಿಲ ಮೇಲೆ ಕೂತೆವು. ಒಲಿಂಪಿಯಾ ಅಜ್ಜಿಯನ್ನು ಸಾಕ್ಷಿಗೆ ಕೂರಿಸಿಕೊಂಡೆ. ಯಾರ ಟೋಪಿ, ಯಾಕೆ ನೀರು ಹೊಯ್ಯುವುದು ಎಂದು ಅವರಿಗೆ ಹೇಳಬೇಕಾಯಿತು. ಹೇಳುತ್ತ ಸಿಲ್ವಾನೊನ ವಿಷಯವೂ ಹೇಳಿಬಿಟ್ಟೆ. ಇಷ್ಟು ದಿನ ದೋಣಿಯಲ್ಲಿದ್ದಾನೆ ಎಂದೇ ಅವರಿಗೂ ಹೇಳಿದ್ದೆ. ಅವರು, "ಗೊತ್ತು ಬಿಡೇ ಹುಡುಗಿ, ಒಂದೂವರೆ ವರ್ಷ ಯಾವ ದೋಣಿ ಇರುತ್ತೆ?" ಎಂದರು. ಅಷ್ಟೇ.

ಆಮೇಲೆ ಚೆಂಬು ತಂದು ನೀರು ಹೊಯ್ದೆ. ಮೆಲ್ಲಗೆ ಹೊಯ್ದೆ, ನಿನ್ನ ಹಾಗೆ ಜೋರಾಗಿ ಅಲ್ಲ.

ಒಂದು ಹನಿಯೂ ನಿಲ್ಲಲಿಲ್ಲ ಅಪ್ಪಾ. ಮೇಲಿನಿಂದ ಹೊಯ್ದದ್ದೆಲ್ಲ ಕೆಳಗೆ ನನ್ನ ಪಾದದ ಮೇಲೆ. ಮರೀನಾ ನಕ್ಕೂ ನಕ್ಕೂ ಬಿಕ್ಕಳಿಸಿದಳು, ಮತ್ತೆ ಹೊಯ್ಯಿ, ಮತ್ತೆ ಹೊಯ್ಯಿ ಎಂದಳು. ಚೆಂಬು ಖಾಲಿಯಾದ ಮೇಲೂ ನಾನು ಅದನ್ನು ಹಿಡಿದುಕೊಂಡೇ ಕೂತಿದ್ದೆ. ಟೋಪಿ ಮಾತ್ರ ಹಾಗೇ ಇತ್ತು, ಒಂದು ಎಳೆಯೂ ಜಗ್ಗಿರಲಿಲ್ಲ.

ಮರೀನಾಳ ತಲೆಗೆ ಸುತ್ತಿ ಅಳೆದ ನೂಲು ಇದರ ಜೊತೆ ಇದೆ. ಗಂಟು ಹಾಕಿದ ಕಡೆ ನೋಡಿಕೋ.

ತೀರ್ಪು ಕೇಳಿದ್ದೆಯಲ್ಲ. ನಿನ್ನ ಟೋಪಿ ಸೋರುತ್ತದೆ. ಬಾ.

ದೆಲ್ಫಿ